ಮೆಚ್ಚಿನ ಹತ್ತು ಕನ್ನಡ ಸಿನಿಮಾ: ಪಟ್ಟಿ ಬರೆಯುವವರೂ ವಾದ ಮಾಡುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಯುಗಾದಿ ಕಳೆದ ಮೊದಲ ಭಾನುವಾರ ನಮ್ಮ ಮನೆಯಲ್ಲಿ ಒಂದಷ್ಟು ಜನ ಸೇರುತ್ತೇವೆ. ಅಕ್ಕ, ಭಾವ, ಕಾಲೇಜಿನ ಗೆಳೆಯರು, ಪಕ್ಕದ ಬೀದಿಯ ಇಬ್ಬರು ಮೇಷ್ಟ್ರು, ಈಗೀಗ ಅವರ ಮಕ್ಕಳೂ ಬರುತ್ತಾರೆ. ಪ್ರತಿಯೊಬ್ಬರೂ ತಮಗೆ ಇಷ್ಟವಾದ ಹತ್ತು ಕನ್ನಡ ಸಿನಿಮಾಗಳ ಪಟ್ಟಿ ಬರೆದು ತರಬೇಕು, ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಹನ್ನೆರಡು ವರ್ಷದಿಂದ ಹೀಗೇ ನಡೆಯುತ್ತಿದೆ. ಹೊಸಬರು ಬಂದಾಗಲೆಲ್ಲ ಇವೇ ಪ್ರಶ್ನೆಗಳು ಬರುತ್ತವೆ. ತಮ್ಮೂರಲ್ಲೂ ಶುರು ಮಾಡಬೇಕು ಅನ್ನುವವರೂ ಕೇಳುತ್ತಿರುತ್ತಾರೆ. ಅದಕ್ಕೇ ಎಲ್ಲ ಒಂದು ಕಡೆ ಬರೆದಿದ್ದೇನೆ.

ಇಷ್ಟದ ಸಿನಿಮಾ, ಶ್ರೇಷ್ಠ ಸಿನಿಮಾ ಎರಡೂ ಒಂದೇ ಅಲ್ವಾ?

ಅಲ್ಲ. ಅರ್ಧಕ್ಕರ್ಧ ಜಗಳ ಹುಟ್ಟುವುದು ಇಲ್ಲೇ. ಒಬ್ಬರು ತಮಗೆ ಯಾವುದು ಇಷ್ಟ ಅಂತ ಹೇಳುತ್ತಿರುತ್ತಾರೆ, ಇನ್ನೊಬ್ಬರು ಕನ್ನಡ ಚಿತ್ರರಂಗದ ಇತಿಹಾಸದಲ್ಲಿ ಯಾವುದು ದೊಡ್ಡದು ಅಂತ ಹೇಳುತ್ತಿರುತ್ತಾರೆ. ಇಬ್ಬರೂ ಒಂದೇ ಮಾತು ಆಡುತ್ತಿದ್ದೇವೆ ಅಂದುಕೊಂಡು ಗಂಟಲು ಹರಿದುಕೊಳ್ಳುತ್ತಾರೆ.

1970ರ 'ಸಂಸ್ಕಾರ' ದೊಡ್ಡ ಸಿನಿಮಾ. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ, ಸ್ವರ್ಣಕಮಲ, ಪಡೆದ ಮೊದಲ ಕನ್ನಡ ಚಿತ್ರ. ಅದಾದ ಮೇಲೆ ಕನ್ನಡದಲ್ಲಿ ಒಂದು ಹೊಸ ದಾರಿಯೇ ತೆರೆಯಿತು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆದರೂ ಅದು ನನ್ನ ಹತ್ತರಲ್ಲಿ ಇಲ್ಲ. ಮತ್ತೆ ಮತ್ತೆ ನೋಡಬೇಕು ಅಂತ ನನಗೆ ಅನಿಸುವುದಿಲ್ಲ, ಅಷ್ಟೇ. ನಮ್ಮ ಭಾವನ ಪಟ್ಟಿಯಲ್ಲಿ ಅದು ಪ್ರತಿ ವರ್ಷ ಇರುತ್ತದೆ. ಅವರು ಅದರ ಬಗ್ಗೆ ಮಾತಾಡಲು ಶುರು ಮಾಡಿದರೆ ಕೇಳುತ್ತಾ ಕೂರಬೇಕು ಅನಿಸುತ್ತದೆ. ಅವರಿಗೆ ಅದು ನಿಜಕ್ಕೂ ಇಷ್ಟ. ಆ ಇಷ್ಟ ಮಾತಿನಲ್ಲೇ ಗೊತ್ತಾಗುತ್ತದೆ.

ನಾವು ಕೇಳುವುದು ಇಷ್ಟದ ಪಟ್ಟಿ ಮಾತ್ರ. ಸೇರಿಸದಿದ್ದರೆ ಜನ ಏನಂದುಕೊಳ್ಳುತ್ತಾರೋ ಅಂತ ಯಾವ ಸಿನಿಮಾವನ್ನೂ ಸೇರಿಸಬೇಡಿ. ಸೇರಿಸಿದರೆ ನಗುತ್ತಾರೋ ಏನೋ ಅಂತ ಯಾವುದನ್ನೂ ಬಿಡಬೇಡಿ.

ಹತ್ತೇ ಯಾಕೆ? ನನಗೆ ಇಷ್ಟವಾದವು ಐವತ್ತಿವೆ.

ಐವತ್ತು ಬರೆದರೆ ಏನನ್ನೂ ಬಿಡುವ ಕಷ್ಟವಿಲ್ಲ. ಮೂರು ಬರೆದರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಥರ ಆಗುತ್ತದೆ. ಹತ್ತರಲ್ಲಿ ಮೊದಲ ಐದಾರು ಸುಲಭವಾಗಿ ಬರುತ್ತವೆ, ಕೊನೆಯ ಮೂರು ನಾಲ್ಕಕ್ಕೆ ನಿದ್ದೆಗೆಡಬೇಕು. ನಿಮ್ಮನ್ನು ನಿಜವಾಗಿ ತೋರಿಸುವುದು ಆ ಕೊನೆಯ ಮೂರು ನಾಲ್ಕೇ.

ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಅತ್ಯುತ್ತಮ ಸಿನಿಮಾಗಳು ಯಾವುವು ಅಂತ ಜಗತ್ತಿನ ವಿಮರ್ಶಕರನ್ನು ಕೇಳುತ್ತಾ ಬಂದಿದೆ. ಅಲ್ಲೂ ಒಬ್ಬರಿಗೆ ಹತ್ತೇ.

ಒಂದು, ಎರಡು, ಮೂರು ಅಂತ ಸ್ಥಾನ ಹಾಕಬೇಕಾ?

ಬೇಡ. ಹಾಕಿದ ಕೂಡಲೇ ಮಾತು ಸಿನಿಮಾ ಬಿಟ್ಟು ಅಂಕಿಯ ಮೇಲೆ ಹೋಗುತ್ತದೆ.

ಎಲ್ಲಿಂದ ಶುರು ಮಾಡುವುದು? ಪೆನ್ನು ಹಿಡಿದರೆ ಒಂದೂ ನೆನಪಾಗುವುದಿಲ್ಲ.

ಸಿನಿಮಾದ ಹೆಸರಿನಿಂದ ಶುರು ಮಾಡಬೇಡಿ. ನೋಡಿದ ಜಾಗದಿಂದ ಶುರು ಮಾಡಿ. ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದ್ದು ಯಾವುದು? ಭಾನುವಾರ ಸಂಜೆ ದೂರದರ್ಶನದಲ್ಲಿ, ಅಕ್ಕಪಕ್ಕದ ಮನೆಯವರೆಲ್ಲ ಒಂದೇ ಹಾಲಿನಲ್ಲಿ ತುಂಬಿಕೊಂಡು ನೋಡಿದ್ದು ಯಾವುದು? ಗಣೇಶನ ಹಬ್ಬದಲ್ಲಿ ಬೀದಿಯಲ್ಲಿ ಪರದೆ ಕಟ್ಟಿ ಹಾಕಿದ್ದು? ಹಾಸ್ಟೆಲ್ಲಿನಲ್ಲಿ ಲ್ಯಾಪ್‌ಟಾಪ್ ಸುತ್ತ ಆರು ಜನ ಕೂತು ನೋಡಿದ್ದು? ಮದುವೆಯಾದ ಹೊಸತರಲ್ಲಿ ಇಬ್ಬರೇ ಹೋಗಿದ್ದು? ಹೀಗೆ ಒಂದೊಂದೇ ಜಾಗ ನೆನೆಸಿಕೊಂಡರೆ ಇಪ್ಪತ್ತು ಹೆಸರು ತಾನಾಗೇ ಬರುತ್ತವೆ. ಆಮೇಲೆ ಹತ್ತು ಹೊಡೆದು ಹಾಕಿ.

ಇನ್ನೊಂದು ಮಾತು. ಸ್ಟ್ರೀಮಿಂಗ್ ಆ್ಯಪ್ ತೆರೆದುಕೊಂಡು ಅದರಲ್ಲಿರುವ ಹೆಸರುಗಳನ್ನು ನೋಡಿ ಬರೆಯಬೇಡಿ. ಅಲ್ಲಿ ಇರುವುದು ಹಕ್ಕು ಸಿಕ್ಕ ಸಿನಿಮಾಗಳು. ನಿಮ್ಮ ನೆನಪಿಗೂ ಅದಕ್ಕೂ ಸಂಬಂಧ ಇಲ್ಲ.

"ಒಂದು ದೃಶ್ಯ ಹೇಳು" ಅಂತ ಯಾಕೆ ಪೀಡಿಸುತ್ತೀರಿ?

ಇದು ನಮ್ಮಲ್ಲಿರುವ ಗಟ್ಟಿ ನಿಯಮ. ಪಟ್ಟಿಯಲ್ಲಿ ಹಾಕಿದ ಪ್ರತಿ ಸಿನಿಮಾದಿಂದ ಒಂದು ದೃಶ್ಯವನ್ನು ನೆನಪಿನಿಂದ, ನಿಮ್ಮ ಮಾತಿನಲ್ಲಿ ಹೇಳಬೇಕು. ಕಥೆ ಬೇಡ. ಡೈಲಾಗ್ ಒಪ್ಪಿಸುವುದೂ ಬೇಡ. ನೀವು ಏನು ನೋಡಿದಿರಿ, ಅದು ಯಾಕೆ ನಿಮ್ಮಲ್ಲಿ ಉಳಿಯಿತು ಅಂತ ಹೇಳಬೇಕು.

ಮೊದಲ ಎರಡು ವರ್ಷ ಈ ನಿಯಮ ಇರಲಿಲ್ಲ. ಆಗ ಬರುತ್ತಿದ್ದ ಮಾತೆಲ್ಲ ಒಂದೇ ಥರ. "ಸೂಪರ್ ಸಿನಿಮಾ." "ಅದು ಕ್ಲಾಸಿಕ್." "ಏನ್ ಆಕ್ಟಿಂಗ್ ಗುರು!" ಇದಕ್ಕೆ ಉತ್ತರ ಹೇಗೆ ಕೊಡುತ್ತೀರಿ? ಒಪ್ಪಬೇಕು ಇಲ್ಲ ಒಪ್ಪಬಾರದು, ಮುಂದಕ್ಕೆ ಹೋಗಲು ದಾರಿಯೇ ಇಲ್ಲ. ಮೂರನೇ ವರ್ಷ ಮೇಷ್ಟ್ರೊಬ್ಬರು 'ಬಂಗಾರದ ಮನುಷ್ಯ'ದ ಕೊನೆಯ ಭಾಗ ಹೇಳಿದರು. ಮನೆಯವರಿಗೋಸ್ಕರ ಜೀವ ತೇಯ್ದ ರಾಜೀವ ಊಟಕ್ಕೆ ಕೂತಿರುತ್ತಾನೆ. ತಾನೇ ಬೆಳೆಸಿದ ಹುಡುಗ ಚುಚ್ಚು ಮಾತಾಡುತ್ತಾನೆ. ರಾಜೀವ ವಾದ ಮಾಡುವುದಿಲ್ಲ, ಎದ್ದು ಹೊರಟುಬಿಡುತ್ತಾನೆ. ಮೇಷ್ಟ್ರು ಅಂದರು: "ನಮ್ಮಪ್ಪನೂ ಒಂದು ಸಲ ಹೀಗೇ ಅನ್ನದ ಮುಂದಿಂದ ಎದ್ದಿದ್ದರು. ಅವತ್ತು ಏನಾಯ್ತು ಅಂತ ನನಗೆ ಅರ್ಥ ಆಗಿದ್ದು ಆ ಸಿನಿಮಾ ನೋಡಿದ ಮೇಲೆ."

ಆ ಸಿನಿಮಾ ತುಂಬ ಉದ್ದ, ಉಪದೇಶ ಜಾಸ್ತಿ ಅಂತ ಅಲ್ಲಿಯವರೆಗೆ ವಾದ ಮಾಡುತ್ತಿದ್ದ ಹುಡುಗ ಸುಮ್ಮನಾದ. ಸೋತು ಸುಮ್ಮನಾದದ್ದಲ್ಲ. ಈಗಲೂ ಅವನಿಗೆ ಅದು ಉದ್ದವೇ. ಆದರೆ ಮುಂದಿನ ವಾರ ಮತ್ತೊಮ್ಮೆ ನೋಡಿ ಬಂದ, ಬಂದು ಆ ದೃಶ್ಯದ ಬಗ್ಗೆಯೇ ಮಾತಾಡಿದ. ಅವತ್ತಿನಿಂದ ಈ ನಿಯಮ ನಿಂತಿದೆ.

ದೃಶ್ಯ ನೆನಪಾಗದಿದ್ದರೆ? ಆ ಸಿನಿಮಾ ಈ ವರ್ಷಕ್ಕೆ ಪಟ್ಟಿಯಿಂದ ಹೊರಗೆ. ಕಠಿಣ ಅನಿಸಬಹುದು. ಆದರೆ ಬೇರೆಯವರ ಬಾಯಲ್ಲಿ ಕೇಳಿ ಕೇಳಿ ನಮ್ಮದು ಅಂದುಕೊಂಡ ಎಷ್ಟೋ ಸಿನಿಮಾಗಳು ಇಲ್ಲೇ ಉದುರಿಹೋಗುತ್ತವೆ.

ಕನ್ನಡ ಸಿನಿಮಾ ಅಂದರೆ ಯಾವುದು? 'ಪುಷ್ಪಕ ವಿಮಾನ' ಸೇರುತ್ತಾ?

ಸೇರುತ್ತದೆ. ಈ ಪ್ರಶ್ನೆ ಕೇಳದ ವರ್ಷವೇ ಇಲ್ಲ.

1987ರ ಆ ಸಿನಿಮಾದಲ್ಲಿ ಮಾತೇ ಇಲ್ಲ. ನಾಯಕ ಕಮಲ್ ಹಾಸನ್. ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಬಂತು. ಹಾಗಾದರೆ ಅದು ನಮ್ಮದು ಹೇಗೆ ಅಂತ ಕೇಳುತ್ತಾರೆ. ನಿರ್ಮಾಪಕರಲ್ಲಿ ಶೃಂಗಾರ್ ನಾಗರಾಜ್ ಇದ್ದರು, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದರು, ಬೆಂಗಳೂರಿನ ಬೀದಿಗಳಲ್ಲಿ, ಬೆಂಗಳೂರಿನ ಹೋಟೆಲ್ಲಿನಲ್ಲಿ ತೆಗೆದರು. ನನಗೆ ಇಷ್ಟು ಸಾಕು. ಕೆಲಸವಿಲ್ಲದ ಹುಡುಗನೊಬ್ಬ ದೊಡ್ಡ ಹೋಟೆಲ್ಲಿನ ಮೆತ್ತನೆ ಹಾಸಿಗೆಯಲ್ಲಿ ನಿದ್ದೆ ಬಾರದೆ ಒದ್ದಾಡುತ್ತಾನೆ. ತನ್ನ ಹಳೆಯ ಕೋಣೆಯ ಸುತ್ತಲಿನ ಗಲಾಟೆಯನ್ನು ಟೇಪಿನಲ್ಲಿ ತುಂಬಿಕೊಂಡು ಬಂದು ಹಾಕಿಕೊಂಡಾಗ ಮಾತ್ರ ಮಲಗುತ್ತಾನೆ. ಈ ಊರಿನ ಬಾಡಿಗೆ ಕೋಣೆಗಳಲ್ಲಿ ಇದ್ದವರಿಗೆ ಆ ಗಲಾಟೆ ಯಾವ ಭಾಷೆಯದು ಅಂತ ಹೇಳಿಕೊಡಬೇಕಾಗಿಲ್ಲ.

ತುಳು ಸಿನಿಮಾ ಸೇರಿಸಬಹುದಾ ಅಂತ ಮಂಗಳೂರಿನ ಗೆಳೆಯ ಕೇಳಿದ್ದ. ತುಳುವಿಗೆ ತನ್ನದೇ ಚಿತ್ರರಂಗ ಇದೆ, 1971ರ 'ಎನ್ನ ತಂಗಡಿ'ಯಿಂದ ಶುರುವಾಗಿ ಈಗ ಚೆನ್ನಾಗಿ ಬೆಳೆದಿದೆ. ಕನ್ನಡದ ಪಟ್ಟಿಯ ಮೂಲೆಯಲ್ಲಿ ಅದಕ್ಕೊಂದು ಜಾಗ ಕೊಡುವುದಕ್ಕಿಂತ ತುಳುವಿನದ್ದೇ ಹತ್ತು ಬರೆದು ತಾ ಅಂದೆವು. ತಂದ. ಅದರಿಂದ ನಾವೆಲ್ಲ ಹೊಸದಾಗಿ ಮೂರು ಸಿನಿಮಾ ನೋಡಿದೆವು.

ರೀಮೇಕ್?

ಇಷ್ಟವಾಗಿದ್ದರೆ ಹಾಕಿ. 2000ದ 'ಯಜಮಾನ' ತಮಿಳಿನಿಂದ ಬಂದದ್ದು, 2004ರ 'ಆಪ್ತಮಿತ್ರ'ದ ಮೂಲ ಮಲಯಾಳಂ. ಎರಡನ್ನೂ ನಮ್ಮ ಊರುಗಳ ಜನ ತಮ್ಮ ಮನೆಯದೇ ಅನ್ನುವ ಹಾಗೆ ನೋಡಿದರು. ಮೂಲವನ್ನು ನೋಡಿದವರು ಹೋಲಿಸಲಿ, ತಪ್ಪಿಲ್ಲ. ಆದರೆ "ರೀಮೇಕ್" ಅನ್ನುವ ಒಂದೇ ಪದದಿಂದ ವಾದ ಮುಗಿಯಿತು ಅಂದುಕೊಳ್ಳಬೇಡಿ. ನಮ್ಮ ಕಥೆಗಳೂ ಹೊರಗೆ ಹೋಗಿವೆ. 'ನಾಗರಹಾವು' ಚಿತ್ರವನ್ನು ಪುಟ್ಟಣ್ಣ ಕಣಗಾಲ್ ಅವರೇ 1974ರಲ್ಲಿ ಹಿಂದಿಯಲ್ಲಿ ಮಾಡಿದರು.

'ಮಾಲ್ಗುಡಿ ಡೇಸ್' ಹಾಕಿದರೆ ಯಾಕೆ ಬೇಡ ಅಂತೀರಿ?

ಅದು ಟಿವಿ ಧಾರಾವಾಹಿ. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದದ್ದು ಎಷ್ಟೇ ಚೆನ್ನಾಗಿದ್ದರೂ ಸಿನಿಮಾ ಅಲ್ಲ. ಈ ಒಂದು ವಿಷಯದಲ್ಲಿ ನಮ್ಮ ಅಕ್ಕ ಇವತ್ತಿಗೂ ನನ್ನ ಮೇಲೆ ಸಿಟ್ಟಾಗಿದ್ದಾಳೆ.

ಸಿನಿಮಾದ ವರ್ಷ ಯಾವುದು ಹಾಕಬೇಕು?

ಥಿಯೇಟರಿಗೆ ಬಂದ ವರ್ಷ. ಸುಲಭ ಅನಿಸುತ್ತದೆ, ಆದರೆ ಇದರಲ್ಲೂ ತಂಟೆ ಇದೆ. 'ಮುಂಗಾರು ಮಳೆ' ಬಿಡುಗಡೆಯಾದದ್ದು 2006ರ ಡಿಸೆಂಬರ್ 29ಕ್ಕೆ. ಹೆಚ್ಚಿನವರು ನೋಡಿದ್ದು 2007ರಲ್ಲಿ, ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿತು. 'ಕಿರಿಕ್ ಪಾರ್ಟಿ' ಕೂಡ ಹಾಗೇ, 2016ರ ಡಿಸೆಂಬರ್ 30. 'ತಿಥಿ' 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು, ನಮ್ಮ ಥಿಯೇಟರುಗಳಿಗೆ ಬಂದದ್ದು 2016ರಲ್ಲಿ. ವರ್ಷದ ಪಟ್ಟಿ ಮಾಡುವವರಿಗೆ ಇದು ಮುಖ್ಯ. ಇಡೀ ಜೀವನದ ಹತ್ತು ಬರೆಯುವವರು ತಲೆಕೆಡಿಸಿಕೊಳ್ಳಬೇಡಿ. ಸಿನಿಮಾದ ವರ್ಷದ ಪಕ್ಕದಲ್ಲಿ ನೀವು ಅದನ್ನು ಮೊದಲ ಸಲ ನೋಡಿದ ವರ್ಷ ಬರೆಯಿರಿ. ನನಗೆ ಓದಲು ಹೆಚ್ಚು ಇಷ್ಟ ಅದೇ.

ಅಣ್ಣಾವ್ರ ಅಭಿಮಾನಿ, ವಿಷ್ಣು ಅಭಿಮಾನಿ ಒಂದೇ ಕೋಣೆಯಲ್ಲಿದ್ದರೆ ಏನು ಮಾಡುವುದು?

ನಮ್ಮಲ್ಲಿ ಇಬ್ಬರೂ ಇದ್ದಾರೆ, ಶಂಕ್ರಣ್ಣನ ಅಭಿಮಾನಿಯೂ ಇದ್ದಾನೆ. ನಾವು ಕಂಡುಕೊಂಡದ್ದು ಇಷ್ಟು: ಹತ್ತು ನಿಮಿಷ ನಟನ ಹೆಸರು ಎತ್ತುವ ಹಾಗಿಲ್ಲ. ಪಾತ್ರದ ಹೆಸರು ಹೇಳಿ ಮಾತಾಡಬೇಕು. ಅಣ್ಣಾವ್ರು ಅನ್ನಬೇಡಿ, ರಾಜೀವ ಅನ್ನಿ. ವಿಷ್ಣು ಅನ್ನಬೇಡಿ, ರಾಮಾಚಾರಿ ಅನ್ನಿ.

ಇಷ್ಟು ಮಾಡಿದರೆ ಮಾತಿನ ರುಚಿಯೇ ಬದಲಾಗುತ್ತದೆ. 'ನಾಗರಹಾವು' ಚಿತ್ರದ ರಾಮಾಚಾರಿಯ ಬಗ್ಗೆ ಮಾತಾಡಲು ಹೊರಟವರು ಚಾಮಯ್ಯ ಮೇಷ್ಟ್ರ ಬಗ್ಗೆ ಮಾತಾಡಲೇಬೇಕಾಗುತ್ತದೆ. ಮೇಷ್ಟ್ರು ಅವನನ್ನು ಪ್ರೀತಿಸಿದರೋ ಅಥವಾ ತಮ್ಮ ಪ್ರೀತಿಯಿಂದಲೇ ಅವನ ಬದುಕು ಕೆಡಿಸಿದರೋ? ಈ ಒಂದು ಪ್ರಶ್ನೆಯ ಮೇಲೆ ನಾವು ಒಂದು ವರ್ಷ ರಾತ್ರಿ ಹನ್ನೊಂದರವರೆಗೆ ಕೂತಿದ್ದೆವು. ರಾಜ್ ಅಭಿಮಾನಿ ಮೇಷ್ಟ್ರ ಪರ, ವಿಷ್ಣು ಅಭಿಮಾನಿ ಮೇಷ್ಟ್ರ ವಿರುದ್ಧ, ಯಾರು ದೊಡ್ಡ ನಟ ಅನ್ನುವ ಮಾತು ಯಾರಿಗೂ ನೆನಪಾಗಲೇ ಇಲ್ಲ. ಚಿತ್ರದುರ್ಗದವರಾದ ನಮ್ಮ ಸೋದರಮಾವ ಮಾತ್ರ ನಡುವೆ ನಡುವೆ, ಆ ಸಿನಿಮಾ ತೆಗೆದ ತಮ್ಮೂರ ಕೋಟೆಯಲ್ಲಿ ಯಾವ ಬಂಡೆ ಎಲ್ಲಿದೆ ಅಂತ ಹೇಳುತ್ತಾ ಹೋದರು.

'ಬಂಗಾರದ ಮನುಷ್ಯ', 'ನಾಗರಹಾವು' ಎರಡೂ ಬಂದದ್ದು 1972ರಲ್ಲಿ. ಒಂದೇ ವರ್ಷದಲ್ಲಿ ಅಂಥ ಎರಡು ಸಿನಿಮಾ ಸಿಕ್ಕ ಪ್ರೇಕ್ಷಕರು ಒಂದನ್ನೇ ಆರಿಸಿಕೊಳ್ಳಬೇಕಾಗಿರಲಿಲ್ಲ. ಎರಡನ್ನೂ ನೋಡಿದರು. ನಾವು ಯಾಕೆ ಆರಿಸಬೇಕು? 1973ರ 'ಗಂಧದ ಗುಡಿ'ಯಲ್ಲಿ ಇಬ್ಬರೂ ಒಂದೇ ಪರದೆಯ ಮೇಲಿದ್ದಾರೆ.

ಕಾದಂಬರಿ ಓದಿದವರು "ಪುಸ್ತಕದ ಹಾಗಿಲ್ಲ" ಅಂತಾರೆ. ಅವರಿಗೆ ಏನು ಹೇಳಲಿ?

ಹೌದು ಅನ್ನಿ. ಹಾಗಿರುವುದಿಲ್ಲ. 'ನಾಗರಹಾವು' ಚಿತ್ರಕ್ಕೆ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿದ್ದರು. ಮೂರು ಪುಸ್ತಕ ಒಂದು ಸಿನಿಮಾದ ಒಳಗೆ ಬಂದರೆ ಏನೋ ಒಂದು ಕಳೆದುಹೋಗಲೇಬೇಕು.

ಆದರೆ ಓದಿದವರನ್ನು ದೂರ ಇಡಬೇಡಿ, ಅವರು ಬೇಕೇ ಬೇಕು. ಇದನ್ನು ನನಗೆ ತೋರಿಸಿಕೊಟ್ಟವಳು ಅಮ್ಮ. ಮೊದಲ ಮೂರು ವರ್ಷ ಅವಳು ಅಡುಗೆಮನೆಯಿಂದಲೇ ನಮ್ಮ ಮಾತು ಕೇಳುತ್ತಿದ್ದಳು, ಕಾಫಿ ಕೊಡಲು ಬಂದಾಗ ಒಂದು ನಿಮಿಷ ನಿಲ್ಲುತ್ತಿದ್ದಳು. ನಾಲ್ಕನೇ ವರ್ಷ ನಿನ್ನ ಪಟ್ಟಿ ಹೇಳು ಅಂದೆ. ಮೊದಲೇ ಕೇಳಬೇಕಿತ್ತು. ಅವಳು ಐದೇ ಹೇಳಿದಳು. ಬೆಳ್ಳಿಮೋಡ, ಗೆಜ್ಜೆಪೂಜೆ, ಶರಪಂಜರ, ಎಡಕಲ್ಲು ಗುಡ್ಡದ ಮೇಲೆ, ಫಣಿಯಮ್ಮ. ಹತ್ತು ಬೇಕಲ್ಲಮ್ಮ ಅಂದರೆ, "ನನ್ನನ್ನ ಸಿನಿಮಾಕ್ಕೆ ಕಳಿಸ್ತಿದ್ದದ್ದೇ ವರ್ಷಕ್ಕೊಂದು ಸಲ, ಹತ್ತು ಎಲ್ಲಿಂದ ತರಲಿ" ಅಂದಳು.

ಬರೆದುಕೊಂಡ ಮೇಲೆ ನೋಡಿದೆ. ಐದೂ ಕಾದಂಬರಿಯಿಂದ ಬಂದವು. ಎರಡು ತ್ರಿವೇಣಿ, ಎರಡು ಎಂ.ಕೆ. ಇಂದಿರಾ, ಒಂದು ಭಾರತೀಸುತ. ಮೊದಲ ನಾಲ್ಕನ್ನು ಮಾಡಿದ್ದು ಪುಟ್ಟಣ್ಣ, 'ಫಣಿಯಮ್ಮ'ನನ್ನು 1983ರಲ್ಲಿ ಪ್ರೇಮಾ ಕಾರಂತ. ಲೈಬ್ರರಿಯ ಪುಸ್ತಕ ಮನೆಯಿಂದ ಮನೆಗೆ ಕೈ ಬದಲಾಯಿಸಿಕೊಂಡು ಓದಿ, ಆಮೇಲೆ ಅದೇ ಕಥೆ ಟಾಕೀಸಿಗೆ ಬಂದಿದೆ ಅಂದರೆ ಮನೆಯಲ್ಲಿ ಹೇಗಾದರೂ ಒಪ್ಪಿಸಿ ಹೋಗುತ್ತಿದ್ದ ಹೆಂಗಸರ ಒಂದು ಇಡೀ ತಲೆಮಾರು ನಮ್ಮಲ್ಲಿ ಇದೆ. ಅವರ ಪಟ್ಟಿಗಳನ್ನು ಯಾರೂ ಕೇಳಿ ಬರೆದುಕೊಂಡಿಲ್ಲ. ಇದು ನನಗೆ ನಿಜವಾಗಿ ಬೇಸರದ ವಿಷಯ.

'ಶರಪಂಜರ' ಬರೀ ಅಳುವ ಸಿನಿಮಾ ಅಂತ ಅವತ್ತು ಯಾರೋ ಅಂದರು. ಅಮ್ಮ ಬಾಗಿಲ ಹತ್ತಿರವೇ ನಿಂತು ಹೇಳಿದಳು: "ಕಾವೇರಿ ಆಸ್ಪತ್ರೆಯಿಂದ ವಾಸಿಯಾಗೇ ಬರ್ತಾಳೆ. ಆದ್ರೆ ಅವಳು ನಕ್ಕರೂ ಮನೆಯೋರು ಹೆದರಿಕೊಂಡು ನೋಡ್ತಾರೆ, ಸುಮ್ನಿದ್ರೂ ಹೆದರಿಕೊಂಡು ನೋಡ್ತಾರೆ. ಬಾಣಂತನದಲ್ಲಿ ನಿಮ್ಮತ್ತೆಗೂ ಹೀಗೇ ಆಗಿತ್ತು. ಆಗ ನಾವೂ ಹಾಗೇ ನೋಡಿದ್ವಿ." ಸಿನಿಮಾ 1971ರದ್ದು. ಹೆರಿಗೆಯ ನಂತರದ ಮಾನಸಿಕ ಕಾಯಿಲೆಯ ಬಗ್ಗೆ ನಮ್ಮ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಮಾತಾಡಿದ್ದು ಅದೇ ಮೊದಲು.

ನಿಮ್ಮ ಮನೆಯ ಅಡುಗೆಮನೆಯಲ್ಲಿರುವವರ ಪಟ್ಟಿಯನ್ನು ಮೊದಲು ಕೇಳಿ.

ಕಲಾತ್ಮಕ ಚಿತ್ರ ಒಂದೂ ಇಲ್ಲದಿದ್ದರೆ ಪಟ್ಟಿಗೆ ಬೆಲೆ ಇಲ್ವಾ?

ಇದೆ. ಹತ್ತೂ ಮಾಸ್ ಸಿನಿಮಾ ಇದ್ದರೂ ಇದೆ.

ಆದರೆ ಒಂದನ್ನೂ ನೋಡದೆ "ಅವಾರ್ಡ್ ಸಿನಿಮಾ ಬೋರು" ಅನ್ನುವುದಾದರೆ ನಾನು ಒಪ್ಪುವುದಿಲ್ಲ. ಗಿರೀಶ ಕಾಸರವಳ್ಳಿ ಅವರ ನಾಲ್ಕು ಸಿನಿಮಾಗಳಿಗೆ ಸ್ವರ್ಣಕಮಲ ಬಂದಿದೆ: ಘಟಶ್ರಾದ್ಧ, ತಬರನ ಕಥೆ, ತಾಯಿ ಸಾಹೇಬ, ದ್ವೀಪ. ಹೆಸರುಗಳು ಪರೀಕ್ಷೆಗೆ ಓದಿಕೊಂಡವರಿಗೆಲ್ಲ ಗೊತ್ತು. ನೋಡಿದವರು ಕಡಿಮೆ. 'ತಬರನ ಕಥೆ' ನೋಡಲು ಕಷ್ಟಪಡಬೇಕಾದ ಸಿನಿಮಾ ಅಲ್ಲವೇ ಅಲ್ಲ. ನಿವೃತ್ತಿಯಾದ ಜವಾನನೊಬ್ಬ ಪೆನ್ಷನ್ನಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಮನೆಯಲ್ಲಿ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಾ ಹೋಗುತ್ತದೆ. ಒಂದೊಂದು ಸಹಿಗೂ ಓಡಾಡಿದ ಯಾರಿಗಾದರೂ ಇದು ತಾನಾಗೇ ಅರ್ಥ ಆಗುತ್ತದೆ. ನಮ್ಮ ಗುಂಪಿನಲ್ಲಿ ಇದನ್ನು ಪಟ್ಟಿಗೆ ತಂದವನು ಸಾಹಸ ಸಿನಿಮಾ ಬಿಟ್ಟು ಬೇರೇನೂ ನೋಡದ ಆಟೊ ಚಾಲಕ ಗೆಳೆಯ. ತಂದೆಯ ಪೆನ್ಷನ್ ಕೆಲಸಕ್ಕೆ ಎರಡು ವರ್ಷ ಅಲೆದಿದ್ದ.

ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ. ಹಾಡು, ಹೊಡೆದಾಟ ಇದ್ದ ಕೂಡಲೇ ಕೆಳಗೆ ಇಡುವುದು. 1995ರ 'ಓಂ' ನೋಡಿ. ಎಷ್ಟು ಸಲ ಮತ್ತೆ ಬಿಡುಗಡೆಯಾಗಿದೆ ಅಂತ ಲೆಕ್ಕ ಇಡುವುದೇ ಕಷ್ಟ. ಪುರೋಹಿತರ ಮಗ ಮಚ್ಚು ಹಿಡಿಯುವ ಕಥೆ ಅದು. ಆ ಮನೆಯ ಒಳಗಿನ ನೋವನ್ನು ಉಪೇಂದ್ರ ಚಿತ್ರಿಸಿದ ರೀತಿ ನೋಡಿದರೆ, ಅದನ್ನು ರೌಡಿ ಸಿನಿಮಾ ಅಂತ ಬದಿಗೆ ಸರಿಸಲು ನನಗೆ ಆಗುವುದಿಲ್ಲ.

ಪ್ರಶಸ್ತಿ, ಕಲೆಕ್ಷನ್, ನೂರು ದಿನ ಇವನ್ನೆಲ್ಲ ವಾದಕ್ಕೆ ಬಳಸಬಹುದಾ?

ಬಳಸಬೇಡಿ. ಕೋಟಿ ಲೆಕ್ಕ ನಿರ್ಮಾಪಕರಿಗೆ ಬಿಡಿ. ನೂರು ದಿನ ಓಡಿದ್ದು ಆ ಕಾಲದ ಜನಕ್ಕೆ ಹಿಡಿಸಿತು ಅಂತ ಹೇಳುತ್ತದೆ, ನಿಮಗೆ ಯಾಕೆ ಹಿಡಿಸಿತು ಅಂತ ಹೇಳುವುದಿಲ್ಲ. ಆ್ಯಪಿನ ಹತ್ತಕ್ಕೆ ಎಂಟೂವರೆ ಅಂಕವೂ ಅಷ್ಟೇ.

ಹಳೆಯ ಸಿನಿಮಾ ನಾನು ನೋಡೇ ಇಲ್ಲ. ಬರಬಹುದಾ?

ಬನ್ನಿ. 2010ಕ್ಕಿಂತ ಹಿಂದಿನದು ಒಂದೂ ಇಲ್ಲದ ಪಟ್ಟಿ ತಂದವರಿದ್ದಾರೆ. ಲೂಸಿಯಾ, ಉಳಿದವರು ಕಂಡಂತೆ, ಗೋಧಿ ಬಣ್ಣ ಸಾಧಾರಣ ಮೈಕಟ್ಟು, ಗಂಟುಮೂಟೆ, ಗರುಡ ಗಮನ ವೃಷಭ ವಾಹನ, ಹೀಗೆ ಇತ್ತು ಒಬ್ಬಳದ್ದು. ಹಿರಿಯರು ಮೊದಲು ಮುಖ ಗಂಟಿಕ್ಕಿದರು. ಅವಳು 'ಗಂಟುಮೂಟೆ'ಯ ಬಗ್ಗೆ ಮಾತಾಡಿದ ಮೇಲೆ, ಒಬ್ಬ ಹೈಸ್ಕೂಲು ಹುಡುಗಿಯ ಕಣ್ಣಿನಿಂದ ಪ್ರೇಮದ ಕಥೆ ಹೇಳಿದ ಕನ್ನಡ ಸಿನಿಮಾ ಹಿಂದೆ ಎಷ್ಟು ನೋಡಿದ್ದೀರಿ ಅಂತ ಅವಳು ಕೇಳಿದ ಮೇಲೆ, ಯೋಚನೆ ಮಾಡುತ್ತಾ ಕೂತರು.

ಹಳೆಯದು ನೋಡದಿರಲು ಸಿಗದಿರುವುದೂ ಒಂದು ಕಾರಣ. ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ' 1934ರ ಮಾರ್ಚ್ 3ಕ್ಕೆ ಬಿಡುಗಡೆಯಾಯಿತು. ಅದರ ಪ್ರಿಂಟ್ ಇವತ್ತು ಇಲ್ಲ. ಚಿತ್ರರಂಗ ಶುರುವಾದ ಸಿನಿಮಾವೇ ನಮ್ಮ ಕೈಯಲ್ಲಿಲ್ಲ ಅನ್ನುವುದು ನೆನೆಸಿಕೊಂಡಾಗಲೆಲ್ಲ ಸಂಕಟವಾಗುತ್ತದೆ. ಇನ್ನು ಕೆಲವು ಇವೆ, ಆದರೆ ಯೂಟ್ಯೂಬಿನಲ್ಲಿ ಮಸುಕಾಗಿ, ಅಂಚು ಕತ್ತರಿಸಿ, ನಡುವೆ ಹತ್ತು ನಿಮಿಷ ಮಾಯವಾಗಿ ಇವೆ. ಹಾಗೆ ನೋಡಿ ಇಷ್ಟವಾಗಲಿಲ್ಲ ಅಂದರೆ ಸಿನಿಮಾದ ತಪ್ಪಲ್ಲ. 'ಘಟಶ್ರಾದ್ಧ'ವನ್ನು ಈಗ 4ಕೆಯಲ್ಲಿ ಸರಿಪಡಿಸಿದ್ದಾರೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಂಥ ಕೆಲಸ ಇನ್ನೂ ಹತ್ತಾರು ಸಿನಿಮಾಗಳಿಗೆ ಆಗಬೇಕು.

ಬಣ್ಣ ಹಾಕಿದ 'ಕಸ್ತೂರಿ ನಿವಾಸ' ನೋಡಿದವರು, ಕಪ್ಪು-ಬಿಳುಪು ನೋಡಿದವರು ಇಬ್ಬರದ್ದೂ ಒಂದೇ ಸಿನಿಮಾನಾ?

ನನ್ನ ಪ್ರಕಾರ ಅಲ್ಲ, ಆದರೆ ಪಟ್ಟಿಯಲ್ಲಿ ಎರಡಕ್ಕೂ ಜಾಗ ಕೊಡುತ್ತೇವೆ. ಮೂಲ 1971ರದ್ದು. ಬಣ್ಣದಲ್ಲಿ ಮತ್ತೆ ಬಂದದ್ದು 2014ರಲ್ಲಿ. ಅದಕ್ಕೂ ಮೊದಲು 2008ರಲ್ಲಿ 'ಸತ್ಯ ಹರಿಶ್ಚಂದ್ರ' ಹಾಗೆ ಬಂದಿತ್ತು. ಬಣ್ಣದ ಕಾರಣಕ್ಕೆ ಎಷ್ಟೋ ಮಕ್ಕಳು ಮೊದಲ ಸಲ ಥಿಯೇಟರಿನಲ್ಲಿ ರಾಜ್‌ಕುಮಾರ್ ಅವರನ್ನು ನೋಡಿದರು, ಅದು ಸಣ್ಣ ಮಾತಲ್ಲ. ಆದರೂ ಆ ಮನೆ ಬರಿದಾಗುತ್ತಾ ಹೋಗುವುದನ್ನು ಕಪ್ಪು-ಬಿಳುಪಿನಲ್ಲೇ ನೋಡಬೇಕು ಅನ್ನುವವನು ನಾನು.

ಹಾಡಿಗೋಸ್ಕರ ಒಂದು ಸಿನಿಮಾ ಸೇರಿಸಿದರೆ?

ಆ ಹಾಡು ಸಿನಿಮಾದ ಒಳಗೆ ಏನು ಮಾಡುತ್ತದೆ ಅಂತ ಹೇಳಲು ಬಂದರೆ ಸೇರಿಸಿ. ಇಲ್ಲದಿದ್ದರೆ ಹಾಡುಗಳ ಪಟ್ಟಿ ಬೇರೆ ಮಾಡಿ. 'ಸನಾದಿ ಅಪ್ಪಣ್ಣ'ದಲ್ಲಿ ಬಿಸ್ಮಿಲ್ಲಾ ಖಾನ್ ಅವರ ಶಹನಾಯಿ ತೆಗೆದರೆ ಸಿನಿಮಾವೇ ಉಳಿಯುವುದಿಲ್ಲ. ಅಂಥ ಕಡೆ ನನ್ನದೇನೂ ತಕರಾರಿಲ್ಲ.

ಹೋದ ವರ್ಷದ ಪಟ್ಟಿ ಈ ವರ್ಷ ಬದಲಾದರೆ ಮಾತು ತಪ್ಪಿದ ಹಾಗಾ?

ಇಲ್ಲ. ಬದಲಾಗದಿದ್ದರೆ ನನಗೆ ಯೋಚನೆ ಹತ್ತುತ್ತದೆ. ಆಗಲೇ ಹೇಳಿದ ಸೈಟ್ ಅಂಡ್ ಸೌಂಡ್ ಪಟ್ಟಿಯನ್ನೇ ನೋಡಿ. 1952ರಲ್ಲಿ ಮೊದಲ ಸ್ಥಾನ 'ಬೈಸಿಕಲ್ ಥೀವ್ಸ್'ಗೆ. 1962ರಿಂದ 2002ರವರೆಗೆ ಐದು ಸಲ 'ಸಿಟಿಜನ್ ಕೇನ್'. 2012ರಲ್ಲಿ 'ವರ್ಟಿಗೊ'. 2022ರಲ್ಲಿ ಶಾಂತಾಲ್ ಅಕೆರ್ಮನ್ ಅವರ 'ಜಾನ್ ಡೀಲ್ಮನ್', ಒಬ್ಬ ಗೃಹಿಣಿಯ ಮನೆಗೆಲಸವನ್ನು ಮೂರು ಗಂಟೆಗೂ ಹೆಚ್ಚು ಹೊತ್ತು ತೋರಿಸುವ ಸಿನಿಮಾ. 'ವರ್ಟಿಗೊ' 1958ರದ್ದು, ಮೊದಲ ಹತ್ತರ ಒಳಗೆ ಬಂದದ್ದೇ 1982ರಲ್ಲಿ. ಸಿನಿಮಾ ಹಾಗೇ ಇತ್ತು, ನೋಡುವವರು ಬದಲಾದರು. ಹೊಸಬರನ್ನು, ಹೆಂಗಸರನ್ನು, ಬೇರೆ ಬೇರೆ ದೇಶದವರನ್ನು ಹೆಚ್ಚು ಹೆಚ್ಚಾಗಿ ಕೇಳಿದರು.

ಅದೇ 2022ರಲ್ಲಿ ಸಿನಿಮಾ ವಿಮರ್ಶಕರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಪ್ರೆಸ್ಕಿಯ ಭಾರತ ಘಟಕ ವಿಮರ್ಶಕರನ್ನು ಕೇಳಿ ಭಾರತದ ಹತ್ತು ಅತ್ಯುತ್ತಮ ಚಿತ್ರಗಳನ್ನು ಆರಿಸಿತು. ಮೊದಲನೆಯದು 'ಪಥೇರ್ ಪಾಂಚಾಲಿ', ಐದನೆಯದು 'ಘಟಶ್ರಾದ್ಧ'. ಹತ್ತರಲ್ಲಿ ಕನ್ನಡದ್ದು ಅದೊಂದೇ. ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ನನ್ನ ಪಟ್ಟಿ ಓದಿ ಯಾರಾದರೂ ನಕ್ಕರೆ?

ನಮ್ಮಲ್ಲಿ ಒಮ್ಮೆ ಹಾಗಾಗಿದೆ. ಹದಿನಾರು ವರ್ಷದ ಹುಡುಗ 'ಮುಂಗಾರು ಮಳೆ' ಅಂದಾಗ ದೊಡ್ಡವರೊಬ್ಬರು ನಕ್ಕರು. ಅವನು ಮುಂದೆ ಓದಲಿಲ್ಲ, ಮರುವರ್ಷ ಬರಲೂ ಇಲ್ಲ. ನಕ್ಕವರು ಅವನ ಮನೆಗೆ ಹೋಗಿ ಕರೆದುಕೊಂಡು ಬರಬೇಕಾಯಿತು. ಈಗ ನಿಯಮ ಹೀಗಿದೆ: ಒಬ್ಬರು ಹತ್ತೂ ಓದಿ ಮುಗಿಸುವವರೆಗೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಆಮೇಲೆ ಏನು ಬೇಕಾದರೂ ಕೇಳಿ, ಎಷ್ಟು ಬೇಕಾದರೂ ಜಗಳ ಆಡಿ. ಸಿನ್ಮಾದ ಜೊತೆ ಆಡಿ, ಮನುಷ್ಯನ ಜೊತೆ ಅಲ್ಲ.

ಆ ಹುಡುಗ ಆಮೇಲೆ ಹೇಳಿದ ದೃಶ್ಯ ಮೊಲ ಸಾಯುವುದು. ಅವನ ನಾಯಿ ಸತ್ತ ವರ್ಷ ಅವನು ಆ ಸಿನಿಮಾ ನೋಡಿದ್ದ.

ನಿಮ್ಮ ಪಟ್ಟಿ ಹೇಳಲೇ ಇಲ್ಲವಲ್ಲ?

ಈ ವರ್ಷದ್ದು ಇದು. 'ಘಟಶ್ರಾದ್ಧ', ಕೊನೆಯಲ್ಲಿ ಅಪ್ಪನ ಜೊತೆ ಊರು ಬಿಟ್ಟು ಹೊರಟ ಹುಡುಗನ ಕಣ್ಣಿಗೆ ತಲೆ ಬೋಳಿಸಿಕೊಂಡು ಕೂತ ಯಮುನಕ್ಕ ಬೀಳುವುದಕ್ಕೆ. 'ಪುಷ್ಪಕ ವಿಮಾನ', ಟೇಪಿನ ಗಲಾಟೆಗೆ. 'ಬಂಗಾರದ ಮನುಷ್ಯ', ಮೇಷ್ಟ್ರು ಹೇಳಿದ ಮೇಲೆ ಅದು ನನ್ನದೂ ಆಯಿತು. 'ಶರಪಂಜರ', ಅಮ್ಮನಿಂದ. 'ತಿಥಿ', ಶುರುವಿನಲ್ಲೇ ಸೆಂಚುರಿಗೌಡ ಬೀದಿಯಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಬೈಯುವುದಕ್ಕೆ, ನಮ್ಮ ತಾತನ ದನಿಯೇ ಕೇಳಿದ ಹಾಗಾಯಿತು. 'ಗುಲಾಬಿ ಟಾಕೀಸ್', ಸೂಲಗಿತ್ತಿಯ ಮನೆಗೆ ಟಿವಿ ಬಂದು ಊರ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರುವುದಕ್ಕೆ, ಉಮಾಶ್ರೀ ಅವರ ಮುಖಕ್ಕೆ. 'ನಾಗರಹಾವು', ಚಾಮಯ್ಯ ಮೇಷ್ಟ್ರ ಮೇಲೆ ನನಗಿನ್ನೂ ಸಿಟ್ಟಿದೆ. 'ತಬರನ ಕಥೆ'. 'ಓಂ'. 'ಕಸ್ತೂರಿ ನಿವಾಸ', ಮನೆಗೆ ಬಂದವಳಿಗೆ ಊಟ ಹಾಕಲು ಪಾರಿವಾಳ ಮಾರಿದ ಮೇಲೆ ಅವಳು ಅದೇ ಪಾರಿವಾಳವನ್ನು ಕೇಳುವುದಕ್ಕೆ.

ಎರಡು ವರ್ಷದ ಹಿಂದೆ ಇದರಲ್ಲಿ ನಾಲ್ಕು ಇರಲಿಲ್ಲ.

ಓದಿದ ಮೇಲೆ ಕಾಗದ ಏನು ಮಾಡುತ್ತೀರಿ?

ಎತ್ತಿಡುತ್ತೇವೆ. ಒಂದು ಹಳೆಯ ಬಿಸ್ಕತ್ ಡಬ್ಬಿಯಲ್ಲಿ ಹನ್ನೆರಡು ವರ್ಷದ್ದೂ ಇವೆ. ಬರೆಯುವಾಗ ಪೆನ್ನಿನಲ್ಲಿ ಬರೆಯಿರಿ, ಪೆನ್ಸಿಲ್ ಬರಹ ಮಾಸಿಹೋಗುತ್ತದೆ. ಮೇಲೆ ತಾರೀಕು ಹಾಕಿ. ಹೊಡೆದು ಹಾಕಿದ ಹೆಸರುಗಳನ್ನು ಪೂರ್ತಿ ಮುಚ್ಚಬೇಡಿ, ಒಂದೇ ಗೀಟು ಎಳೆಯಿರಿ, ಆಮೇಲೆ ಓದಲು ಬರಬೇಕು.